ಕೊಂಡ ಕಾರು, ಕಟ್ಟಿದ ಕಾರು

ಗ್ಯಾರೇಜು ಬಿಟ್ಟು ನಾಲ್ಕು ವರ್ಷವಾಯಿತು. ಈಗಲೂ ಆಗೀಗ ಯಾರಾದರೂ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. ಇಂಜಿನ್ನಿಗೆ ಗಾಳಿ ದಬ್ಬಿ ಶಕ್ತಿ ಹೆಚ್ಚಿಸುವ ಟರ್ಬೊ ಇರುವ ಹಳೆಯ ದೊಡ್ಡ ಕಾರನ್ನು ಹಾಗೆಯೇ ಕೊಳ್ಳುವುದು ಒಳ್ಳೆಯದೋ, ಸಾದಾ ಇಂಜಿನ್ನಿನ ಕಾರು ಕೊಂಡು ಅದಕ್ಕೆ ಟರ್ಬೊ ಕೂರಿಸುವುದು ಒಳ್ಳೆಯದೋ? ಕೇಳುವವರಲ್ಲಿ ಹೆಚ್ಚಿನವರು ಈ ಕೆಲಸಕ್ಕೆ ಹೊಸದಾಗಿ ಇಳಿದವರು. ಒಂದು ಮಾತಿನಲ್ಲಿ ಉತ್ತರ ಹೇಳಿ ಕಳಿಸಬಹುದು. ಆದರೆ ಆ ಮಾತು ನನಗೆ ಹೇಗೆ ಸಿಕ್ಕಿತು ಎಂದು ಹೇಳದಿದ್ದರೆ ಅವರು ನಂಬುವುದಿಲ್ಲ. ಆ ವಯಸ್ಸಿನಲ್ಲಿ ನಾನೂ ಯಾರ ಮಾತನ್ನೂ ನಂಬಿದವನಲ್ಲ.

ನಾನು ಮಂಚಿಕೇರಿಯವನು. ಹೆಗಡೆ ಮನೆತನದವನು ಗ್ರೀಸು ಮೆತ್ತಿಕೊಂಡು ಲಾರಿಯ ಅಡಿಯಲ್ಲಿ ಮಲಗುವುದು ಊರಿನ ಕೆಲವರಿಗೆ ಸರಿ ಕಾಣಲಿಲ್ಲ. ನನಗೆ ಬೇರೆ ಯಾವುದೂ ಸರಿ ಕಾಣಲಿಲ್ಲ. ಯಲ್ಲಾಪುರದಲ್ಲಿ ಖಾದರ್ ಉಸ್ತಾದರ ಗ್ಯಾರೇಜಿಗೆ ಸೇರಿದೆ. ಹುಬ್ಬಳ್ಳಿ–ಅಂಕೋಲಾ ರಸ್ತೆಯ ಲಾರಿಗಳೆಲ್ಲ ಅವರಲ್ಲಿಗೇ ಬರುತ್ತಿದ್ದವು. ತೊಂಬತ್ತರ ದಶಕದಲ್ಲಿ ಲಾರಿಗಳಿಗೆ ಟರ್ಬೊ ಬಂದಾಗ ನಮಗೆ ಕಲಿಸುವವರು ಯಾರೂ ಇರಲಿಲ್ಲ. ಮೊದಲು ಕೆಟ್ಟು ಬಂದ ಟರ್ಬೊವನ್ನು ಉಸ್ತಾದರು ಮೇಜಿನ ಮೇಲೆ ಬಿಚ್ಚಿ ಹರಡಿ, ಮೂರು ದಿನ ಯಾರಿಗೂ ಮುಟ್ಟಲು ಬಿಡಲಿಲ್ಲ. ಬಂದು ಬಂದು ನೋಡುತ್ತಿದ್ದರು. ನಾಲ್ಕನೆಯ ದಿನ ನನ್ನನ್ನು ಕರೆದು ಸುಟ್ಟು ನೀಲಿಯಾಗಿದ್ದ ದಂಡವನ್ನು ತೋರಿಸಿದರು.

"ನೋಡು ಹೆಗಡೆ. ಈ ಕಡೆ ಹೊಗೆ ತಿರುಗಿಸೋ ಚಕ್ರ, ಆ ಕಡೆ ಗಾಳಿ ದಬ್ಬೋ ಚಕ್ರ. ಎರಡಕ್ಕೂ ನಡುವೆ ಇದೊಂದೇ ದಂಡ. ಇದು ಕಬ್ಬಿಣದ ಮೇಲೆ ನಿಂತಿಲ್ಲ, ಎಣ್ಣೆ ಮೇಲೆ ನಿಂತಿದೆ. ಎಣ್ಣೆ ನಿಂತ್ರೆ ಖತಂ."

ಇದಕ್ಕಿಂತ ಹೆಚ್ಚಿನದನ್ನು ಆಮೇಲೆ ಯಾವ ಪುಸ್ತಕವೂ ನನಗೆ ಹೇಳಲಿಲ್ಲ. ಆರೇಳು ವರ್ಷ ಲಾರಿ ಟರ್ಬೊಗಳನ್ನು ಬಿಚ್ಚಿ ಕಟ್ಟಿ, ಇನ್ನು ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಧೈರ್ಯ ಬಂದಾಗ ಶಿರಸಿಯಲ್ಲಿ ನನ್ನದೇ ಶೆಡ್ಡು ಹಾಕಿದೆ. ಉಸ್ತಾದರು ತಮ್ಮ ಬೋಲ್ಟು ಬಿಚ್ಚುವ ಪಾನಾಗಳಲ್ಲಿ ಒಂದು ಜೊತೆ ಕೊಟ್ಟು ಕಳಿಸಿದರು.

ಬಸವಣ್ಣೆಪ್ಪನವರು ಬಂದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಹಾವೇರಿ ಕಡೆಯವರು. ಮೂವತ್ತು ವರ್ಷ ಬಸ್ಸು ಓಡಿಸಿ, ಕೊನೆಗೆ ಶಿರಸಿಯಲ್ಲೇ ನೆಲೆ ನಿಂತಿದ್ದರು. ಎತ್ತರದ ಆಳು, ಮಾತು ಕಡಿಮೆ. ಅವರ ಹಿಂದೆ ಅವರ ಹೆಂಡತಿ ಗಂಗವ್ವನವರೂ ಬಂದಿದ್ದರು. ಶೆಡ್ಡಿನೊಳಗೆ ಕಾಲಿಡದೆ ಬಾಗಿಲಲ್ಲೇ ನಿಂತು ನೆಲದ ಎಣ್ಣೆ ಕಲೆಗಳನ್ನು ನೋಡುತ್ತಿದ್ದರು.

"ಹೆಗಡೇರ, ಮದುವಿ ಬಾಡಿಗಿಗೆ ಒಂದ್ ದೊಡ್ಡ ಗಾಡಿ ತಗೋಬೇಕಂತ ಮಾಡೇನ್ರಿ," ಎಂದರು ಬಸವಣ್ಣೆಪ್ಪನವರು. "ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಾ ಕಡೆ ಮದುವಿ ಅದಾವು. ಖರೇ ದೊಡ್ಡ ಕಾರು ಒಂದೂ ಇಲ್ಲ. ಆದ್ರ ಸಾದಾ ಇಂಜಿನ್ ಬ್ಯಾಡ್ರಿ. ಐದ್ ಮಂದಿ ಕುಂತು ಏಸಿ ಹಾಕಿದ್ರ ಘಾಟ್‌ನಾಗ ಉಸಿರು ಬಿಡ್ತಾವು. ಟರ್ಬೊ ಬೇಕು."

ಕೆಲಸದಿಂದ ನಿವೃತ್ತರಾದಾಗ ಬಂದ ಇಡಿಗಂಟು ಅವರ ಕೈಯಲ್ಲಿತ್ತು. ಅದು ಒಂದೇ ಸಲ ಬರುವಂಥದ್ದು ಎಂದು ಗಂಗವ್ವನವರು ಬಾಗಿಲಿನಿಂದಲೇ ಹೇಳಿದರು.

ಹುಬ್ಬಳ್ಳಿಯಲ್ಲಿ ಅಂಥದೊಂದು ಕಾರು ಮಾರಾಟಕ್ಕಿದೆ ಎಂದು ತಿಳಿದು ನೋಡಲು ಹೋದೆವು. ವಿದೇಶಿ ಮಾದರಿಯ ಉದ್ದನೆಯ ಕಪ್ಪು ಕಾರು, ಟರ್ಬೊ ಡೀಸೆಲ್. ಇಟ್ಟುಕೊಂಡವರು ಶಿಸ್ತಿನ ಮನುಷ್ಯ. ಎಣ್ಣೆ ಬದಲಿಸಿದ ಪ್ರತಿ ಸಲದ ಚೀಟಿಯನ್ನೂ ಜೋಡಿಸಿಟ್ಟಿದ್ದರು. ನಾನು ಗಾಳಿ ಪೈಪು ಕಳಚಿ ಬೆರಳು ಹಾಕಿ ಟರ್ಬೊ ದಂಡವನ್ನು ಅಲ್ಲಾಡಿಸಿ ನೋಡಿದೆ. ಅಲುಗಾಟವಿಲ್ಲ. ಪೈಪಿನೊಳಗೆ ಬೆರಳಾಡಿಸಿದೆ. ಎಣ್ಣೆ ಇಲ್ಲ. ತಪ್ಪು ಹುಡುಕಲು ಹೋದವನಿಗೆ ತಪ್ಪು ಸಿಗಲಿಲ್ಲ, ಸಿಗಲಿಲ್ಲವೆಂದು ಒಳಗೇ ಬೇಸರವಾಯಿತು.

ಏಕೆಂದರೆ ನನ್ನ ಮನಸ್ಸು ಅಷ್ಟರಲ್ಲೇ ಬೇರೆ ಕಡೆಗಿತ್ತು. ಸಿದ್ದಾಪುರದ ಒಬ್ಬ ಸಾಹುಕಾರರ ಶೆಡ್ಡಿನಲ್ಲಿ ಅದೇ ಮಾದರಿಯ ಕೆನೆ ಬಣ್ಣದ ಕಾರೊಂದು ಮೂರು ವರ್ಷದಿಂದ ನಿಂತಿತ್ತು. ಸಾದಾ ಡೀಸೆಲ್ ಇಂಜಿನ್ನು, ಅದೂ ಸೋತದ್ದು. ಆದರೆ ಮೈಗೆ ಒಂದು ಗೀರಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ, ಹಿಂದಿನಿಂದ ಲಾರಿ ಗುದ್ದಿ ನಜ್ಜುಗುಜ್ಜಾದ ಅದೇ ಜಾತಿಯ ಟರ್ಬೊ ಕಾರೊಂದು ಬಿದ್ದಿತ್ತು. ಅದರ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಒಂದರ ಮೈ, ಇನ್ನೊಂದರ ಎದೆ. ಎರಡನ್ನೂ ಸೇರಿಸಿದರೆ ಕಪ್ಪು ಕಾರಿಗಿಂತ ಕಡಿಮೆಗೆ ಆಗುತ್ತದೆ ಎಂದು ಬಸವಣ್ಣೆಪ್ಪನವರಿಗೆ ಹೇಳಿದೆ. ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿ ನಿಜ ಏನೆಂದರೆ, ಶಿರಸಿಯಲ್ಲಿ ಆವರೆಗೆ ಯಾರೂ ಅಂಥ ಕೆಲಸ ಮಾಡಿರಲಿಲ್ಲ. ಮೊದಲು ಮಾಡಿದವನು ನಾನಾಗಬೇಕಿತ್ತು. ಅವರ ಗಂಟಿನಲ್ಲಿ ನನ್ನ ಆಸೆ ತೀರಿಸಿಕೊಳ್ಳಲು ಹೊರಟಿದ್ದೆ.

ಉಸ್ತಾದರಿಗೆ ತಿಳಿಸಿದಾಗ ಅವರು ಒಪ್ಪಲಿಲ್ಲ.

"ಓಡೋ ಕಾರು ಸಿಕ್ತಾ ಇದೆ, ತಗೊಳ್ಳಲಿ ಬಿಡು. ಕಂಪನಿಯವರು ನೂರು ಜನ ಕೂತು ಹೊಂದಿಸಿದ್ದನ್ನ ನೀನೊಬ್ಬ ಹೊಂದಿಸಬೇಕು. ಲಾರಿ ಬೇರೆ, ಇದು ಬೇರೆ."

"ಆಗ್ತದೆ ಉಸ್ತಾದ್," ಎಂದೆ.

"ಆಗ್ತದೆ, ನನಗೂ ಗೊತ್ತು. ಎಷ್ಟನೇ ಸಲಕ್ಕೆ ಆಗ್ತದೆ ಅನ್ನೋದು ಮಾತು."

ಐದು ತಿಂಗಳು ಹಿಡಿಯಿತು. ಇಂಜಿನ್ನು ಕೂತಿತು, ಆದರೆ ಅದರ ಹಿಂದೆ ಬಂದ ಕೆಲಸಗಳ ಸಾಲು ನಾನೆಣಿಸಿದ್ದರ ಮೂರು ಪಟ್ಟಾಯಿತು. ರೇಡಿಯೇಟರ್ ಸಾಲಲಿಲ್ಲ. ಗೇರುಪೆಟ್ಟಿಗೆ ಆ ಶಕ್ತಿಗೆ ತಾಳುವಂಥದ್ದಲ್ಲವೆಂದು ಗುಜರಿಯ ಗೇರುಪೆಟ್ಟಿಗೆಯನ್ನೇ ತಂದೆವು. ಹೊಗೆ ಕೊಳವೆ ಸ್ಟಿಯರಿಂಗಿಗೆ ತಾಗುತ್ತಿತ್ತು. ಬದಲಾದ ಇಂಜಿನ್ ನಂಬರನ್ನು ಕಾಗದದಲ್ಲಿ ಏರಿಸಲು ಬಸವಣ್ಣೆಪ್ಪನವರು ಎಷ್ಟು ಸಲ ಓಡಾಡಿದರೋ. ಹೊಸಬರು ಇದನ್ನು ನೆನಪಿಡಬೇಕು. ಕಟ್ಟಲು ಹೊರಟವರು ಇಂಜಿನ್ನಿನ ಬೆಲೆಯನ್ನು ಲೆಕ್ಕ ಹಿಡಿಯುತ್ತಾರೆ, ಇಂಜಿನ್ನಿಗೆ ಜೋಡಿಸುವ ಪೈಪು, ಬ್ರಾಕೆಟ್ಟು, ಬೋಲ್ಟುಗಳಿಗೆ ತಗಲುವ ತಿಂಗಳುಗಳನ್ನು ಹಿಡಿಯುವುದಿಲ್ಲ. ಕಡಿಮೆ ಎಂದಿದ್ದ ನನ್ನ ಮಾತು ನಾಲ್ಕನೆಯ ತಿಂಗಳಿಗೇ ಸುಳ್ಳಾಗಿತ್ತು.

ಆದರೂ ಮೊದಲ ಸಲ ಅದು ಶುರುವಾದಾಗ ಬಸವಣ್ಣೆಪ್ಪನವರು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತದ್ದು ನೋಡಿ ಎಲ್ಲ ಮರೆತೆ.

ಪರೀಕ್ಷೆಗೆ ಅರಬೈಲ್ ಘಾಟಿಯೇ ಸರಿ ಎಂದು ಇಬ್ಬರೂ ಒಪ್ಪಿದೆವು. ಒಂದು ಬೆಳಿಗ್ಗೆ ಶಿರಸಿ ಬಿಟ್ಟು, ಮಂಚಿಕೇರಿ, ಯಲ್ಲಾಪುರ, ಇಡಗುಂದಿ ದಾಟಿ ಘಾಟಿ ಇಳಿದು, ಕೆಳಗೆ ತಿಂಡಿ ತಿಂದು ಏರಲು ಶುರುಮಾಡಿದೆವು. ಬಸವಣ್ಣೆಪ್ಪನವರ ಕೈಯಲ್ಲಿ ಸ್ಟಿಯರಿಂಗು, ಪಕ್ಕದಲ್ಲಿ ನಾನು, ಹಿಂದೆ ಗಂಗವ್ವನವರು. ಅರ್ಧ ಘಾಟಿಯವರೆಗೆ ಕಾರು ಸೊಗಸಾಗಿ ಏರಿತು. ಆಮೇಲೆ ಒಂದು ತಿರುವಿನಲ್ಲಿ ಟರ್ಬೊದ ಸಣ್ಣ ಶಿಳ್ಳೆ ಕೀರಲಾಯಿತು. ಶಕ್ತಿ ಒಮ್ಮೆ ಕುಸಿಯಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣದಷ್ಟು ಬಿಳಿ ಹೊಗೆ.

"ಕಾಲ್ ತಗದೇನ್ರಿ," ಎಂದರು ಬಸವಣ್ಣೆಪ್ಪನವರು. ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದರು. ಇಂಜಿನ್ನು ಮಾತ್ರ ಇನ್ನೂ ಏರುತ್ತಲೇ ಇತ್ತು.

ಕೀಲಿ ತಿರುಗಿಸಿ ಆರಿಸಿದರು. ಆರಲಿಲ್ಲ. ಕ್ಲಚ್ಚು ತುಳಿದರು. ತಡೆ ಇಲ್ಲದೆ ಇಂಜಿನ್ನು ಇನ್ನಷ್ಟು ಕಿರುಚಿತು. ನನಗೆ ಏನಾಗಿದೆ ಎಂದು ಆ ಕ್ಷಣವೇ ಗೊತ್ತಾಯಿತು. ಟರ್ಬೊದ ದಂಡ ಸವೆದು, ಅಲ್ಲಿನ ಎಣ್ಣೆ ಗಾಳಿಯ ದಾರಿಗೆ ಸುರಿಯುತ್ತಿದೆ. ಡೀಸೆಲ್ ಬಂದರೂ ನಿಂತರೂ ಇಂಜಿನ್ನು ತನ್ನದೇ ಎಣ್ಣೆ ಕುಡಿದು ಓಡುತ್ತದೆ, ಎಣ್ಣೆ ತೀರುವವರೆಗೆ ಅಥವಾ ಒಡೆದು ಚೂರಾಗುವವರೆಗೆ. ಗಾಳಿಯ ಬಾಯಿ ಮುಚ್ಚಬೇಕು. ಅದೂ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈ ಬಾಗಿಲ ಹಿಡಿಯ ಮೇಲೆ ಹಾಗೇ ಕೂತಿತ್ತು. ಎದುರಿನಿಂದ ಮರದ ದಿಮ್ಮಿ ಹೇರಿದ ಲಾರಿ ಇಳಿಯುತ್ತಿತ್ತು.

ಬಸವಣ್ಣೆಪ್ಪನವರು ಇಂಜಿನ್ನಿಗೆ ಎಳೆಯಲು ಅತಿ ಭಾರವಾಗುವ ಕೊನೆಯ ಗೇರಿಗೆ ಹಾಕಿದರು. ಬ್ರೇಕಿನ ಮೇಲೆ ಇಡೀ ಮೈಭಾರ ಹಾಕಿ, ಕೈಬ್ರೇಕು ಎಳೆದು, ಕ್ಲಚ್ಚನ್ನು ಒಮ್ಮೆಲೇ ಬಿಟ್ಟರು. ಕಾರು ಮುಗ್ಗರಿಸಿ, ನಡುಗಿ, ನಿಂತಿತು. ಲಾರಿ ಹಾರನ್ನು ಹೊಡೆಯುತ್ತ ಪಕ್ಕದಿಂದ ಇಳಿದುಹೋಯಿತು.

ಗಂಗವ್ವನವರು ಎಲ್ಲರಿಗಿಂತ ಮೊದಲು ಇಳಿದರು. ರಸ್ತೆ ಬದಿಯಿಂದ ಒಂದು ಕಲ್ಲು ತಂದು ಹಿಂದಿನ ಗಾಲಿಗೆ ಕೊಟ್ಟರು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನು ನೋಡಿದರು.

"ಇದರಾಗ ಮದುಮಗಳು ಕುಂತಿದ್ರ ಏನ್ ಮಾಡ್ತಿದ್ರಿ?"

ನಾನು ಮುಂದೆ ಹೋಗಿ ಬಾನೆಟ್ಟು ಎತ್ತಿದೆ.

ಲಾರಿಯೊಂದಕ್ಕೆ ಕಟ್ಟಿ ಕಾರನ್ನು ಯಲ್ಲಾಪುರಕ್ಕೆ, ಉಸ್ತಾದರ ಗ್ಯಾರೇಜಿಗೆ ಎಳೆಸಿದೆವು. ಗಂಡ ಹೆಂಡತಿ ಎದುರಿನ ಚಹಾದಂಗಡಿಗೆ ಹೋದರು. ಉಸ್ತಾದರು ಟರ್ಬೊಗೆ ಎಣ್ಣೆ ತರುವ ಸಣ್ಣ ಪೈಪನ್ನು ಬಿಚ್ಚಿದರು. ಅದರ ತುದಿಯ ತೂತಿನಲ್ಲಿ ಕೆಂಪು ಗಮ್ಮಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಅಕ್ಕಿಕಾಳಿಗಿಂತ ಚಿಕ್ಕದು. ಜೋಡಣೆ ಸೋರದಿರಲಿ ಎಂದು ಹಚ್ಚುವ ಗಮ್ಮು. ಆ ಜಾಗಕ್ಕೆ ತಾಮ್ರದ ವಾಷರು ಸಾಕು, ಗಮ್ಮು ಹಚ್ಚಲೇಬಾರದು. ಲಾರಿಯ ದೊಡ್ಡ ಪೈಪಿನಲ್ಲಿ ಎಷ್ಟೋ ಸಲ ಹಚ್ಚಿದ್ದೆ, ನಡೆದುಹೋಗಿತ್ತು. ಇಲ್ಲಿ ತೂತು ಸಣ್ಣದು, ದಂಡಕ್ಕೆ ಸಾಕಷ್ಟು ಎಣ್ಣೆ ಸಿಗದೆ ಅದು ಸವೆದಿತ್ತು.

"ಇದು ಯಾರ ಕೈ?" ಎಂದು ಉಸ್ತಾದರು ಕೇಳಿದರು.

"ನಂದು."

ಅವರು ಆ ಎಳೆಯನ್ನು ನನ್ನ ಅಂಗೈಗೆ ಹಾಕಿ, ಬೇರೆ ಲಾರಿಯ ಕೆಲಸಕ್ಕೆ ಹೋದರು.

ಗುಜರಿಯ ಟರ್ಬೊ, ಹಳೆಯದಿತ್ತು, ಕೈಕೊಟ್ಟಿತು ಎಂದು ಹೇಳಿದ್ದರೆ ಬಸವಣ್ಣೆಪ್ಪನವರು ನಂಬುತ್ತಿದ್ದರು. ಗ್ಯಾರೇಜಿನಿಂದ ಚಹಾದಂಗಡಿಗೆ ರಸ್ತೆ ದಾಟಬೇಕು, ಅಷ್ಟೇ. ಆ ರಸ್ತೆ ದಾಟುವಾಗ ಆ ಮಾತು ಎರಡು ಸಲ ನಾಲಿಗೆಯವರೆಗೆ ಬಂದಿತ್ತು. ಹೋಗಿ ಮೇಜಿನ ಮೇಲೆ ಎಳೆಯನ್ನಿಟ್ಟು, ಇದು ನನ್ನ ತಪ್ಪು, ಇಲ್ಲಿ ಇದನ್ನು ಹಚ್ಚಬಾರದಿತ್ತು ಎಂದೆ.

ಬಸವಣ್ಣೆಪ್ಪನವರು ಆ ಎಳೆಯನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದರು.

"ಒಮ್ಮೆ ನಾ ಬಸ್ಸ ಗಟಾರಕ್ಕ ಇಳಿಸಿದ್ನಿರಿ," ಎಂದರು. "ಕಣ್ಣಿಗೆ ಜೊಂಪು ಹತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ರಿಪೋರ್ಟಿನಾಗ ರಸ್ತೆ ಕುಸಿದಿತ್ತು ಅಂತ ಬರದೆ. ಹನ್ನೆರಡ ವರ್ಷ ಆ ದಾರ್ಯಾಗ ಓಡಿಸೇನಿ, ಆ ಜಾಗಾ ಬಂದ್ರ ಎಡಕ್ಕ ನೋಡಿಲ್ಲ." ಎಳೆಯನ್ನು ಮತ್ತೆ ನನ್ನ ಮುಂದಿಟ್ಟು, "ನೀವು ಹೇಳಿದ್ರಿ. ಮುಂದೇನು ಅದನ್ನ ಹೇಳ್ರಿ," ಎಂದರು.

ಗಂಗವ್ವನವರಿಗೂ ಆ ಬಸ್ಸಿನ ಸಂಗತಿ ಅವತ್ತೇ ಗೊತ್ತಾದದ್ದು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಅವರು ಗಂಡನ ಕಡೆಯಿಂದ ನನ್ನ ಕಡೆ ತಿರುಗಿದರು. ನನಗೆ ಹೇಳಿದರು.

"ಮತ್ತ ಕಟ್ರಿ. ನಡುವ ಬಿಟ್ರ ಇದೂ ಹೋತು, ಅದೂ ಹೋತು. ಆದ್ರ ಈ ಸಲ ನಾ ಕುಂತು ನೋಡಾಕಿ."

ಹೇಳಿದಂತೆಯೇ ಮಾಡಿದರು. ವಾರಕ್ಕೆ ಎರಡು ದಿನ ಮಧ್ಯಾಹ್ನ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಯಾವ ಪೈಪು ಕೈಗೆತ್ತಿಕೊಂಡರೂ, "ಇದರಾಗ ಏನ್ ಹರೀತದ? ಎಲ್ಲಿಂದ ಬರ್ತದ? ಎಲ್ಲಿಗೆ ಹೊಕ್ಕೈತಿ?" ಎಂದು ಕೇಳುವರು. ಮೊದಮೊದಲು ಸಿಟ್ಟು ಬರುತ್ತಿತ್ತು. ಒಂದು ದಿನ ಟರ್ಬೊದಿಂದ ಎಣ್ಣೆ ಕೆಳಗಿಳಿಯುವ ಪೈಪಿನ ಬಗ್ಗೆ ಹೇಳುತ್ತಿದ್ದೆ. ಇದರಲ್ಲಿ ಒತ್ತಡವಿಲ್ಲ, ಎಣ್ಣೆ ತನ್ನಷ್ಟಕ್ಕೆ ಇಳಿದು ಹೋಗುತ್ತದೆ ಎಂದೆ.

"ತಾನ ಇಳೀತದ ಅಂತೀರಿ. ಮತ್ತ ಇಲ್ಲಿ ಮ್ಯಾಲ ಏರೇತಲ್ಲ?"

ನೋಡಿದೆ. ಪೈಪು ಬ್ರಾಕೆಟ್ಟಿಗೆ ತಾಗದಿರಲಿ ಎಂದು ನಾನೇ ಬಗ್ಗಿಸಿದ ಜಾಗದಲ್ಲಿ ಅದು ಎರಡು ಬೆರಳಿನಷ್ಟು ಏರಿ ಇಳಿಯುತ್ತಿತ್ತು. ಎಣ್ಣೆ ಅಲ್ಲಿ ಕಟ್ಟಿ ನಿಲ್ಲುತ್ತಿತ್ತು. ಗಮ್ಮು ಇರದಿದ್ದರೂ ವರ್ಷದೊಳಗೆ ಇನ್ನೊಂದು ಟರ್ಬೊ ಹೋಗುತ್ತಿತ್ತು. ಆ ಪೈಪನ್ನು ಹೊಸದಾಗಿ ಮಾಡಿಸಿದೆ. ಅಂದಿನಿಂದ ದೊಡ್ಡ ಕೆಲಸ ಯಾವುದೇ ಇರಲಿ, ಮುಗಿಸುವ ಮುಂಚೆ ಆ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಮೊದಲಿಂದ ವಿವರಿಸುವುದು ನನ್ನ ಪದ್ಧತಿಯಾಯಿತು.

ಇಂಜಿನ್ನಿನ ಬೇರಿಂಗುಗಳನ್ನೆಲ್ಲ ಹೊಸದು ಹಾಕಿದೆ. ಗಾಳಿಯ ದಾರಿಯನ್ನೆಲ್ಲ ತೊಳೆದೆ. ಟರ್ಬೊವನ್ನು ಹುಬ್ಬಳ್ಳಿಯಲ್ಲಿ ಒಳಭಾಗ ಬದಲಿಸಿ, ಚಕ್ರಗಳ ಸಮತೋಲ ಸರಿಪಡಿಸಿ ತಂದೆ. ಎರಡನೆಯ ಸಲದ ಖರ್ಚು, ಕೂಲಿ ನನ್ನದು. ಅದರ ಬಗ್ಗೆ ಚರ್ಚೆ ಆಗಲಿಲ್ಲ. ಮತ್ತೆ ನಾಲ್ಕು ತಿಂಗಳು. ಈ ಸಲ ಘಾಟಿಗೆ ಉಸ್ತಾದರೂ ಬಂದರು. ನಾನು ಗಾಳಿ ಬಾಯಿ ಮುಚ್ಚಲು ಒಂದು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೂರು ಸಲ ಇಳಿದು ಮೂರು ಸಲ ಏರಿದೆವು. ಮೂರನೆಯ ಸಲ ಇಡಗುಂದಿಯಲ್ಲಿ ನಿಂತಾಗ ಗಂಗವ್ವನವರು ನಿದ್ದೆ ಹೋಗಿದ್ದರು. ಉಸ್ತಾದರು ಅವರನ್ನು ತೋರಿಸಿ, "ಪಾಸ್," ಎಂದರು.

ಆ ಕಾರು ಆರು ವರ್ಷ ಮೂರು ತಾಲ್ಲೂಕುಗಳ ವಧೂವರರನ್ನು ಹೊತ್ತಿತು. ದಾರಿಯಲ್ಲಿ ಒಂದು ಸಲವೂ ನಿಲ್ಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿದ್ದಾಪುರದ ಹತ್ತಿರ ಒಮ್ಮೆ ಗಾಳಿ ಪೈಪು ಕಳಚಿಕೊಂಡು ಬಸವಣ್ಣೆಪ್ಪನವರು ಮದುಮಗನನ್ನು ನೆರಳಲ್ಲಿ ನಿಲ್ಲಿಸಿ ತಾವೇ ಜೋಡಿಸಿದ್ದುಂಟು. ಹುಬ್ಬಳ್ಳಿಯ ಕಪ್ಪು ಕಾರನ್ನು ಯಲ್ಲಾಪುರದ ಒಬ್ಬ ವ್ಯಾಪಾರಿ ಕೊಂಡಿದ್ದರು. ಅದೂ ನನ್ನ ಶೆಡ್ಡಿಗೇ ಬರುತ್ತಿತ್ತು, ಎಣ್ಣೆ ಮತ್ತು ಫಿಲ್ಟರು ಬದಲಿಸಲು ಮಾತ್ರ. ಅಷ್ಟು ವರ್ಷದಲ್ಲಿ ಅದರ ಟರ್ಬೊಗೆ ನಾನು ಪಾನಾ ಹಾಕಲೇ ಇಲ್ಲ. ಎರಡೂ ಕಾರುಗಳು ಒಟ್ಟಿಗೆ ನಿಂತ ದಿನ ಅದನ್ನು ಬಸವಣ್ಣೆಪ್ಪನವರಿಗೆ ಹೇಳಿದೆ. ಅಂದು ಅವರು ಕಪ್ಪು ಕಾರು ಕೊಳ್ಳದಂತೆ ತಡೆದದ್ದು ನಾನು ಎಂದೂ ಹೇಳಿದೆ. ಅವರು ನಕ್ಕು, "ಗೊತ್ತೈತ್ರಿ," ಎಂದರು. ಆದ್ದರಿಂದ ಹೊಸಬರಿಗೆ ನನ್ನ ಒಂದು ಮಾತಿನ ಉತ್ತರ ಇದು: ಚೆನ್ನಾಗಿ ಇಟ್ಟುಕೊಂಡದ್ದು ಸಿಕ್ಕರೆ ಕೊಳ್ಳಿ. ಗಿರಾಕಿಗೆ ಕಟ್ಟಿಸಿಕೊಳ್ಳಿ ಎಂದು ಹೇಳುವ ಮೊದಲು, ಆಸೆ ಯಾರದ್ದು ಎಂದು ಕೇಳಿಕೊಳ್ಳಿ.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗುತ್ತ ಬಂತು. ಕಂಪ್ಯೂಟರ್ ಇರುವ ಪೆಟ್ರೋಲ್ ಟರ್ಬೊ ಕಾರುಗಳು ಬಂದವು. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು ತುದಿಯನ್ನು ಇಂಜಿನ್ನಿಗೆ ಒತ್ತಿ ಕೇಳುವುದು ನನ್ನ ಹೆಮ್ಮೆಯ ವಿದ್ಯೆ. ಹಾಗೆ ಕೇಳಿ, ಒಬ್ಬ ವೈದ್ಯೆಯ ಕಾರಿನ ಟರ್ಬೊ ಹೋಗಿದೆ ಎಂದು ತೀರ್ಮಾನ ಕೊಟ್ಟೆ. ಅವರು ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಕಾರಿನ ಕಂಪ್ಯೂಟರಿಗೆ ತಪ್ಪು ಹುಡುಕುವ ಯಂತ್ರ ಚುಚ್ಚಿ ನೋಡಿ, ಬಿರಿದ ಒಂದು ರಬ್ಬರು ಕೊಳವೆ ಬದಲಿಸಿ ಕಳಿಸಿದರು. ಆ ವೈದ್ಯೆ ವಾಪಸು ಬಂದು ನನಗೆ ಆ ಹಳೆಯ ಕೊಳವೆ ತೋರಿಸಿದರು. ಬೈಯಲಿಲ್ಲ. ಮರುತಿಂಗಳೇ ನಾನೂ ಆ ಯಂತ್ರ ಕೊಂಡೆ. ಐವತ್ತು ದಾಟಿದ ಮೇಲೆ ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದನ್ನು ಕಲಿತೆ. ಕಲಿಯುವುದೇ ಸರಿ ಎಂದು ಹಟ ಹಿಡಿದರೆ ಬರುತ್ತದೆ.

ಬಸವಣ್ಣೆಪ್ಪನವರಿಗೆ ಕಣ್ಣು ಮಂಜಾಗಿ ಕಾರು ಮಾರುವುದೆಂದಾಯಿತು. ಕೊಳ್ಳಲು ಬಂದವನು ಯಲ್ಲಾಪುರದ ಕಾಲೇಜು ಮೇಷ್ಟ್ರು ವಿನಾಯಕ, ನಮ್ಮ ಕಡೆಯವನೇ. ಕಾರು ಪರೀಕ್ಷಿಸಲು ಅವನು ಕರೆದದ್ದು ನನ್ನನ್ನು.

"ಗಜಣ್ಣ, ಯಂಗೆ ಇಂಜಿನ್ ವಿಷಯ ಎಂತೂ ಗೊತ್ತಿಲ್ಲೆ. ನೀನೇ ನೋಡಿ ಹೇಳು."

"ಹೇಳ್ತೆ. ಮೊದಲು ಒಂದು ಮಾತು. ಇದನ್ನ ಕಟ್ಟಿದವ ಆನೇಯ," ಎಂದು ನನ್ನ ಎದೆ ಮುಟ್ಟಿ ತೋರಿಸಿದೆ.

ಬಸವಣ್ಣೆಪ್ಪನವರ ಅಂಗಳದಲ್ಲೇ ಬಾನೆಟ್ಟು ಎತ್ತಿ ಎಲ್ಲ ಹೇಳಿದೆ. ಸಿದ್ದಾಪುರದ ಮೈ, ಗುಜರಿಯ ಇಂಜಿನ್ನು, ಗಮ್ಮು, ಅರಬೈಲಿನ ಹೊಗೆ, ಪೈಪಿನ ಏರು, ಯಾವ ಭಾಗ ಇನ್ನೆಷ್ಟು ಬಾಳಬಹುದು, ಯಾವುದು ಸಿಕ್ಕುವುದಿಲ್ಲ. ಬೆಳಿಗ್ಗೆ ಶುರುಮಾಡಿದ್ದು ಊಟದ ಹೊತ್ತಾಯಿತು. ಮಾರುವವರ ಅಂಗಳದಲ್ಲಿ ನಿಂತು ಹೀಗೆ ಹೇಳುವುದು ಗಂಗವ್ವನವರಿಗೆ ಬೇಸರವಾದೀತೇ ಎಂದು ನೋಡಿದೆ. ಅವರು ನಾನು ಮರೆತ ಎರಡು ಸಂಗತಿಗಳನ್ನು ತಾವೇ ಸೇರಿಸಿದರು.

"ನೀ ಆದ್ರೆ ತಗತ್ಯ ಇದ್ನ?" ಎಂದು ವಿನಾಯಕ ಕೇಳಿದ.

"ಆಗ ಕೇಳಿದ್ರೆ ಬೇಡ ಹೇಳಕಾಗಿತ್ತು. ಈಗ ತಗತ್ತೆ. ಇದ್ರಲ್ಲಿ ಯಂಗೆ ಗೊತ್ತಿಲ್ದೇ ಇದ್ದಿದ್ದು ಎಂತೂ ಇಲ್ಲೆ."

ಅವನು ಕಾರಿಗೊಂದು ಸುತ್ತು ಹಾಕಿದ. ಆಮೇಲೆ, ತಾನು ನೋಡಿದ ಉಳಿದ ಮೂರು ಕಾರುಗಳ ಬಗ್ಗೆ ಯಾರೂ ಒಂದು ತಪ್ಪನ್ನೂ ಹೇಳಲಿಲ್ಲವೆಂದೂ, ಅದೇ ತನಗೆ ಹೆದರಿಕೆಯಾದದ್ದೆಂದೂ ಹೇಳಿ, ಇದನ್ನೇ ತೆಗೆದುಕೊಳ್ಳುತ್ತೇನೆ ಎಂದ.

ಕಾಗದ ಮುಗಿದು ಕೀಲಿ ಕೊಡುವ ದಿನ ಬಸವಣ್ಣೆಪ್ಪನವರು ಹೊರಗೆ ಬರಲಿಲ್ಲ. ಒಳಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು. ಗಂಗವ್ವನವರೇ ಕೀಲಿ ಕೊಟ್ಟರು. ವಿನಾಯಕ ಕಾರನ್ನು ಶುರುಮಾಡಿ, ಒಳಗಿನವರಿಗೆ ಸದ್ದೇ ಕೇಳದಷ್ಟು ನಯವಾಗಿ ಅಂಗಳ ದಾಟಿಸಿ, ರಸ್ತೆಗಿಳಿಸಿ ಹೋದ. ತಿರುವು ದಾಟಿದ ಮೇಲೆ ನಾನು ಒಳಗೆ ಹೋದೆ.

ಬಸವಣ್ಣೆಪ್ಪನವರು ಇಂಜಿನ್ನಿನ ಸದ್ದಿಗೆ ಇನ್ನೂ ಕಿವಿಗೊಟ್ಟು ಕೂತಿದ್ದರು.

"ಚಾಲೂ ಮಾಡವಲ್ಲನಲ್ರಿ ಇನ್ನೂ," ಎಂದರು.

"ಹೋಗಿಯಾಯ್ತು," ಎಂದೆ.